ಗೇರ್ ರಿಪೇರಿಯಾಗಿ ಬಂದ ಔಟ್‌ಬೋರ್ಡ್ ಎಂಜಿನ್: ಹಗ್ಗ ಎಳೆಯುವ ಮುಂಚೆ ಇದನ್ನು ಓದಿ

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ಮಲಗಿದ್ದ, ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನನ್ನು ಈಗ ಹೊರಗೆ ತೆಗೆಯುತ್ತಿರುವವರಿಗೆ, ಅದರಲ್ಲೂ ಗೇರ್ ಹಿಡಿದುಕೊಂಡಿದೆ ಅಂತ ಯಾರಿಗೋ ರಿಪೇರಿಗೆ ಕೊಟ್ಟವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಒಂದು ಜೀವ ಕೂದಲೆಳೆಯಲ್ಲಿ ಉಳಿಯಿತು.

ಗಂಗೊಳ್ಳಿ ಹತ್ತಿರ ಹೊಳೆಯಲ್ಲಿ ಚಟ್ಲಿ (ಸಿಗಡಿ) ಬಲೆ ಬಿಡುವ ನಮ್ಮ ಚಿಕ್ಕಯ್ಯನದು ಸಣ್ಣ ಫೈಬರ್ ದೋಣಿ, 8 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದು. ಮೇ ಕೊನೆಗೆ ಉಪ್ಪುನೀರಿನಿಂದ ಎತ್ತಿದವರು ಸಿಹಿನೀರಲ್ಲಿ ಓಡಿಸಿ ತೊಳೆಯದೆ ಹಾಗೇ ಇಟ್ಟೆವು. ಸೆಪ್ಟೆಂಬರಿನಲ್ಲಿ ನೋಡಿದರೆ ಲಿವರ್ ಫಾರ್ವರ್ಡ್‌ನಲ್ಲೇ ಕಚ್ಚಿ ಕೂತಿದೆ. ಮೊದಲ ದಡ್ಡತನ ನನ್ನದೇ. ಲಿವರಿಗೆ ಕಬ್ಬಿಣದ ಪೈಪು ತೂರಿಸಿ ಒತ್ತಿದೆ. "ಜಾಸ್ತಿ ಒತ್ತಬೇಡ ಮಾರಾಯಾ, ಮುರೀತ್ ಕಾಣ್" ಅಂತ ಚಿಕ್ಕಯ್ಯ ಹೇಳುತ್ತಿದ್ದ ಹಾಗೇ ಲಿವರ್ ಸೊಟ್ಟಗಾಯಿತು, ಗೇರ್ ಅಲುಗಲಿಲ್ಲ.

ಬಂದರಿನ ಫಿಟ್ಟರ್ ಒಂದು ವಾರ ಸಿಗುವುದಿಲ್ಲ ಅಂದರು. ನನಗೋ ಅವಸರ. ಪೇಟೆಯ ಒಂದು ಬೈಕ್ ಗ್ಯಾರೇಜಿಗೆ ಹೊತ್ತುಕೊಂಡು ಹೋದೆ. ಅವನು ಎಂಜಿನ್ನಿನ ಕಾಲು (ನೀರಿಗಿಳಿಯುವ ಕೆಳಭಾಗ) ಬಿಚ್ಚಿ, ಲಿವರ್ ನೆಟ್ಟಗೆ ಮಾಡಿ, ವಾಟರ್ ಪಂಪಿನ ಇಂಪೆಲ್ಲರ್ ಹರಿದಿದೆ ಅಂತ ಅದನ್ನೂ ಬದಲಿಸಿ 1,800 ರೂಪಾಯಿ ತೆಗೆದುಕೊಂಡ. ಲಿವರ್ ಈಗ ಬೆಣ್ಣೆಯ ಹಾಗೆ ಓಡುತ್ತಿತ್ತು. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿಯೂ ತೋರಿಸಿದ. ಡ್ರಮ್ಮಿನಲ್ಲಿ ತೆಂಗಿನ ಸಿಪ್ಪೆಯ ಒಂದು ಚೂರು ತೇಲುತ್ತಿತ್ತು. ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಆ ಸಿಪ್ಪೆ ಗರಗರ ಸುತ್ತು ಹೊಡೆಯುತ್ತಿತ್ತು. ಕೇಳಿದೆ. "ಎಂತ ಇಲ್ಲ ಅಣ್ಣಾ, ಹೊಗೆ ನೀರಡಿ ಬತ್ತಲ್ದಾ, ಅದ್ಕೆ" ಅಂದ. ಹೊಗೆ ನೀರಿನಡಿ ಬರುವುದು ನಿಜವೇ. ಆದರೆ ಹೊಗೆಯಿಂದ ನೀರು ಗುಳುಗುಳು ಅನ್ನಬೇಕು, ಒಂದೇ ದಿಕ್ಕಿಗೆ ಸುತ್ತಿದರೆ ಫ್ಯಾನ್, ಅಂದರೆ ನೀರಿನಡಿಯ ಪ್ರೊಪೆಲ್ಲರ್, ತಿರುಗುತ್ತಿದೆ ಅಂತಲೇ ಅರ್ಥ. ಅಷ್ಟು ಹೊಳೆಯದೆ ದುಡ್ಡು ಕೊಟ್ಟು ಬಂದೆ.

ಮಾರನೇ ದಿನ ದೋಣಿ ಜಟ್ಟಿಗೆ (ದೋಣಿ ಕಟ್ಟುವ ಕಲ್ಲುಕಟ್ಟೆಗೆ) ಅಡ್ಡಲಾಗಿ ನಿಂತಿತ್ತು. ಚಿಕ್ಕಯ್ಯ ಮುಂದಿನ ಹಗ್ಗ ಬಿಚ್ಚಿ, ಒಂದು ಕಾಲು ಕಲ್ಲಿನ ಮೇಲೆ, ಇನ್ನೊಂದು ದೋಣಿಯಲ್ಲಿ ಇಟ್ಟಿದ್ದರು. ನಾನು ಥ್ರಾಟಲ್ ಸ್ಟಾರ್ಟಿನ ಗುರುತಿಗಿಟ್ಟು ಹಗ್ಗ ಎಳೆದೆ. ಒಂದೇ ಏಟಿಗೆ ಎಂಜಿನ್ ಹಿಡಿಯಿತು, ದೋಣಿ ಮುಂದಕ್ಕೆ ಹಾರಿತು. ನಾನು ಎಂಜಿನ್ನಿನ ಮೇಲೆ ಮುಗ್ಗರಿಸಿದೆ, ಚಿಕ್ಕಯ್ಯ ಕಲ್ಲಿಗೂ ದೋಣಿಗೂ ನಡುವೆ ನೀರಿಗೆ ಬಿದ್ದರು. ಕೈಗೆ ಕಟ್ಟಿಕೊಳ್ಳಬೇಕಾದ ಕೆಂಪು ಸ್ಟಾಪ್ ಹಗ್ಗ (ಎಳೆದರೆ ಎಂಜಿನ್ ನಿಲ್ಲುತ್ತದೆ) ಹ್ಯಾಂಡಲ್ಲಿಗೇ ಸುತ್ತಿತ್ತು. ನನ್ನ ಕೈ ಸ್ಟಾಪ್ ಬಟನ್ನಿಗೆ ಹೇಗೆ ಸಿಕ್ಕಿತೋ ದೇವರೇ ಬಲ್ಲ. ಫ್ಯಾನ್ ನಿಂತಾಗ ಅವರ ಕಾಲಿಗೆ ಒಂದು ಮೊಳ ದೂರ. ಮೊಣಕೈ ತರಚಿತು, ಅಷ್ಟೇ.

ಆಮೇಲೆ ಬಂದರಿನ ಫಿಟ್ಟರ್ ಬಿಚ್ಚಿ ತೋರಿಸಿದರು. ಲಿವರಿನಿಂದ ಒಂದು ಸರಳು ಕಾಲಿನೊಳಗೆ ಇಳಿಯುತ್ತದೆ, ಗೇರ್‌ಬಾಕ್ಸಿನಿಂದ ಇನ್ನೊಂದು ಮೇಲೆ ಬರುತ್ತದೆ, ಎರಡಕ್ಕೂ ನಡುವೆ ಹೆಬ್ಬೆರಳಿನಷ್ಟು ಕ್ಲಾಂಪು. ಕಾಲು ಬಿಚ್ಚಬೇಕಾದರೆ ಈ ಜೋಡಣೆ ಬಿಡಿಸಲೇಬೇಕು. ಮತ್ತೆ ಸೇರಿಸುವಾಗ ಮೇಲೆಯೂ ನ್ಯೂಟ್ರಲ್, ಕೆಳಗೂ ನ್ಯೂಟ್ರಲ್ ಇರಬೇಕು. ಗ್ಯಾರೇಜಿನವನು ಕೆಳಗೆ ಫಾರ್ವರ್ಡ್ ಇರುವಾಗಲೇ ಮೇಲಿನ ನ್ಯೂಟ್ರಲ್ಲಿಗೆ ಬಿಗಿದಿದ್ದ. ಅದೂ ಸಡಿಲವಾಗಿ. ಲಿವರ್ ಬೆಣ್ಣೆಯ ಹಾಗೆ ಓಡಿದ್ದು ಅದಕ್ಕೇ, ಕ್ಲಾಂಪು ಸರಳಿನ ಮೇಲೆ ಜಾರುತ್ತಿತ್ತು. ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದಂತೆ ಒಂದು ಲಾಕ್ ಇರುತ್ತದಲ್ಲ, ನಾನು ಅದನ್ನೇ ನಂಬಿದ್ದೆ. ಅದು ನೋಡುವುದು ಲಿವರನ್ನು ಮಾತ್ರ. ಕೆಳಗೆ ಹಲ್ಲು ಹಲ್ಲಿಗೆ ಕಚ್ಚಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲಿನ ದೋಷ ಗೇರ್‌ಬಾಕ್ಸಿನದೇ ಆಗಿರಲಿಲ್ಲ. ಸರಳು ಹಾದುಹೋಗುವ ಬುಷ್ಷಿನಲ್ಲಿ ಉಪ್ಪು ತುಕ್ಕು ಕಟ್ಟಿತ್ತು. ಅದನ್ನು ಬಿಡಿಸಿ ಗ್ರೀಸ್ ಹಚ್ಚಲು ಅವರಿಗೆ ಅರ್ಧ ಗಂಟೆ ಸಾಕಾಯಿತು. ಗೇರ್ ಆಯಿಲ್ ಮಾತ್ರ ಮಜ್ಜಿಗೆಯ ಹಾಗೆ ಬಿಳಿಯಾಗಿ ಇಳಿಯಿತು. ಎಣ್ಣೆ ಇಳಿಸುವ ತೂತಿನ ಸ್ಕ್ರೂವಿಗೆ ಹಳೇ ವಾಷರನ್ನೇ ಮತ್ತೆ ಹಾಕಿದ್ದರಿಂದ ನೀರು ನುಗ್ಗಿತ್ತು. ಹೊಸ ಎಣ್ಣೆಯನ್ನು ಅವರು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಿಸಿದರು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದಂತೆ.

ಕೊನೆಗೆ ಪ್ಲಗ್ಗಿನ ವಯರ್ ಕಿತ್ತಿಟ್ಟು, ಕೈಯಲ್ಲಿ ಫ್ಯಾನ್ ತಿರುಗಿಸಿದರು. ನ್ಯೂಟ್ರಲ್‌ನಲ್ಲಿ ಎರಡೂ ಕಡೆ ಸಲೀಸಾಗಿ ತಿರುಗಬೇಕು. ಗೇರ್ ಹಾಕಿದಾಗ ಹಿಡಿಯಬೇಕು. ಎಂಜಿನ್ ನಿಂತಿದ್ದಾಗ ಗೇರ್ ಬೀಳದಿದ್ದರೆ ಲಿವರ್ ಒತ್ತುತ್ತಾ ಫ್ಯಾನ್ ಸ್ವಲ್ಪ ತಿರುಗಿಸಿ, ಹಲ್ಲು ಎದುರುಬದುರು ನಿಂತಿದ್ದರೆ ಆಗ ಕೂತುಕೊಳ್ಳುತ್ತದೆ. ಪೈಪು ಬೇಡ. ರಿಪೇರಿ ಮಾಡಿದವನ ಎದುರಿಗೇ ಈ ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕೊಡಿ.

ಗ್ಯಾರೇಜಿನವನಿಗೆ ಹೋಗಿ ಎಲ್ಲ ಹೇಳಿದೆ. "ಡ್ರಮ್ಮಂಗೆ ಸಮ ಇದ್ದಿತ್ತಲೆ ಅಣ್ಣಾ" ಅಂದ. ಡ್ರಮ್ಮು ಅಲ್ಲೇ ಇತ್ತು, ಸಿಪ್ಪೆಯೂ ತೇಲುತ್ತಿತ್ತು.