ತುಮಕೂರಲ್ಲಿ ಚೈನ್ ಸೆಟ್ ಹಾಕಿಸೋರು ಮೊದಲು ಇದನ್ನ ಓದಿ

ಬೈಕಿಗೆ ಚೈನ್ ಸ್ಪ್ರಾಕೆಟ್ (ಚೈನ್, ಅದು ಕೂರೋ ಹಲ್ಲಿನ ಚಕ್ರಗಳು) ಹಾಕಿಸೋಕೆ ಹೊರಟಿದ್ದೀರಾ? ಎರಡು ನಿಮಿಷ ನಿಂತು ಓದಿ. ನಾನು 1,750 ರೂಪಾಯಿ ಕೊಟ್ಟು 'ಕಂಪನಿ ಸೆಟ್' ಅಂತ ಹಾಕಿಸಿದ್ದು 3,800 ಕಿಲೋಮೀಟರಿಗೇ ಮುಗೀತು. ಬಾಕ್ಸ್ ಕಂಪನಿದು, ಒಳಗಿದ್ದಿದ್ದು ಲೋಕಲ್. ಅದೇ ಅಂಗಡೀಲಿ 700 ರೂಪಾಯಿಗೆ ಸಿಗೋ ಮಾಲು. ಲೋಕಲ್ ಅಂತ ಗೊತ್ತಿದ್ದೇ ತಗೊಂಡು ಹಾಳಾಗಿದ್ರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ಲೋಕಲ್ ಬೇಡ ಅಂತಲೇ ಎರಡೂವರೆ ಪಟ್ಟು ಕೊಟ್ಟಿದ್ದು!

ಬಿ.ಎಚ್. ರಸ್ತೆ ಕಡೆಯ ಅಂಗಡಿ, ಹೆಸರು ಬರೆಯಲ್ಲ. 150 ಸಿಸಿ ಬೈಕು, ದಿನಾ ವಸಂತನರಸಾಪುರಕ್ಕೆ ಹೈವೇಲಿ ಓಡಾಟ. ಅಂಗಡಿಯವನು ಕೌಂಟರ್ ಮೇಲೆ ಎರಡು ಬಾಕ್ಸ್ ಇಟ್ಟ. "ಇದು ಏಳ್ನೂರು, ಇದು ಸಾವಿರದ ಏಳ್ನೂರೈವತ್ತು. ಹೈವೇಲಿ ಓಡಾಡೋರು ನೀವು, ಲೋಕಲ್ ಹಾಕ್ಸಬೇಡಿ ಸಾರ್, ಆಮೇಲೆ ನನ್ನನ್ನ ಬೈತೀರ" ಅಂದ. ಅವನೇ ಹೇಳಿದ್ದು. ಅಷ್ಟೊತ್ತಿಗೆ ಹುಡುಗ ಹಿಂದಿನ ಚಕ್ರ ಬಿಚ್ಚಿ ಆಗಿತ್ತು. ಬಾಕ್ಸನ್ನ ಒಳಗಡೆ ತಗೊಂಡು ಹೋಗಿ ತೆಗೆದು, ಸಾಮಾನು ಸೀದಾ ಹುಡುಗನ ಕೈಗೆ ಕೊಟ್ಟ. ಬಾಕ್ಸ್ ಕೊಡಿ ಅಂದ್ರೆ "ಕಸ ಯಾಕೆ ಮನೆಗೆ ಹೊತ್ಕೊಂಡು ಹೋಗ್ತೀರ, ಇಲ್ಲೇ ಇರ್ಲಿ ಬಿಡಿ ಸಾರ್" ಅಂದ. ಇಲ್ಲೇ ನೋಡಿ ಎಡವಿದ್ದು. ಆ ಬಾಕ್ಸ್ ಅವನಿಗೆ ಕಸ ಅಲ್ಲ, ಮುಂದಿನ ಗಿರಾಕಿಗೆ ಬೇಕು.

ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಬಿಲ್ ಬೇಕಂದ್ರೆ ಮೇಲೆ ಟ್ಯಾಕ್ಸ್ ಸೇರುತ್ತೆ" ಅಂದ. ಶುದ್ಧ ಸುಳ್ಳು. ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಸೇರಿಸಿದ ಬೆಲೆ, ಅದರ ಮೇಲೆ ಒಂದು ರೂಪಾಯೀನೂ ಕೇಳೋ ಹಾಗಿಲ್ಲ. ಗೊತ್ತಿದ್ದೂ ಸುಮ್ನಾಗಿದ್ದು ನಮ್ಮ ತಪ್ಪು. ಕೊನೆಗೆ ಸಿಕ್ಕಿದ್ದು ಬಿಳಿ ಚೀಟಿ, ಅದರ ಮೇಲೆ 'ಚೈನ್ ಸೆಟ್ 1750'. ಸೀಲೂ ಇಲ್ಲ, ಸಹೀನೂ ಇಲ್ಲ.

ಮೊದಲ ಸಾವಿರ ಕಿಲೋಮೀಟರ್ ಏನೂ ಗೊತ್ತಾಗಲ್ಲ. ಆಮೇಲೆ ಶುರು. ಚೈನ್ ಮೇಲೆ-ಕೆಳಗೆ ಆಡೋ ಸಡಿಲ 25 ಮಿಲಿಮೀಟರ್ ಇಟ್ಟು ಟೈಟ್ ಮಾಡಿದ್ರೆ 400 ಕಿಲೋಮೀಟರಿಗೆ ಮತ್ತೆ ಜೋಲು ಬಿದ್ದು 45 ಮಿಲಿಮೀಟರ್. ಮತ್ತೆ ಟೈಟ್, ಮತ್ತೆ ಜೋಲು. 500 ಕಿಲೋಮೀಟರಿಗೊಮ್ಮೆ 90 ನಂಬರ್ ಗೇರ್ ಆಯಿಲ್ ಬಿಟ್ಕೊಂಡೇ ಬಂದಿದ್ದು, ಎಣ್ಣೆ ಕಾಣಿಸದೆ ಸವೆದ ಚೈನ್ ಅಲ್ಲ ಇದು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದ್ರೆ ಒಂದು ಕಡೆ ಸಡಿಲ, ಅರ್ಧ ಸುತ್ತಿಗೆ ತಂತಿ ಥರ ಬಿಗಿ. ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗಿಲ್ಲ ಅಂತ ಅರ್ಥ. ಇಂಥದ್ದನ್ನ ಸಡಿಲ ಇರೋ ಜಾಗ ನೋಡಿ ಟೈಟ್ ಮಾಡಿದ್ರೆ ಬಿಗಿ ಜಾಗ ಬಂದಾಗ ಮುಂದಿನ ಸ್ಪ್ರಾಕೆಟ್ ಶಾಫ್ಟಿನ ಬೇರಿಂಗ್ ಮೇಲೂ ಹಿಂದಿನ ಹಬ್ ಬೇರಿಂಗ್ ಮೇಲೂ ಎಳೆತ ಬೀಳುತ್ತೆ. ಬಿಗಿ ಜಾಗ ನೋಡಿ ಬಿಟ್ರೆ ಸಡಿಲ ಜಾಗದಲ್ಲಿ ಚೈನ್ ಹಲ್ಲು ದಾಟಿ ಹಾರುತ್ತೆ. ಯಾವ ಕಡೆ ಹೋದ್ರೂ ನಷ್ಟ. ಚೈನ್ ಕಳಚಿ ಸುತ್ಕೊಂಡ್ರೆ ಹಿಂದಿನ ಚಕ್ರವೇ ಹಿಡ್ಕೊಳ್ಳುತ್ತೆ. ಶಿರಾ ಕಡೆಯಿಂದ ಬರೋ ಲಾರಿಗಳ ಮಧ್ಯೆ ಅದು ಆದ್ರೆ ಏನಾಗುತ್ತೆ ಅಂತ ಹೇಳಬೇಕಾ?

ಕೊನೆಗೆ ಬೇರೆ ಕಡೆ ಬಿಚ್ಚಿಸಿ ಸೀಮೆಎಣ್ಣೇಲಿ ತೊಳೆದಾಗ ಬಂಡವಾಳ ಬಯಲಾಯ್ತು. ಅಂಗಡೀಲಿ ತೋರಿಸಿದ ಬಾಕ್ಸ್ ಮೇಲೆ '428ಎಚ್' ಅಂತ ದಪ್ಪಗೆ ಇತ್ತು, 428 ಅನ್ನೋದು ಚೈನಿನ ಅಳತೆ ನಂಬರ್. ಕೈಯಲ್ಲಿರೋ ಚೈನಿನ ಪ್ಲೇಟ್ ಮೇಲೆ ಬರೀ '428'. ಎಚ್ ಇಲ್ಲ, ಕಂಪನಿ ಹೆಸರೂ ಇಲ್ಲ. ಒಂದೊಂದೇ ಪ್ಲೇಟ್ ಒರೆಸಿ ನೋಡಿದ್ದಾಯ್ತು, ಎಲ್ಲೂ ಇಲ್ಲ. ಎಚ್ ಇದ್ರೆ ಪಕ್ಕದ ಪ್ಲೇಟು ದಪ್ಪ ಇರುತ್ತೆ, ದುಡ್ಡು ಕೊಡೋದೇ ಅದಕ್ಕೆ. ಒಂದು ಪಿನ್ ಮಧ್ಯದಿಂದ ಶುರು ಮಾಡಿ 21ನೇ ಪಿನ್ ಮಧ್ಯದವರೆಗೆ, ಅಂದ್ರೆ 20 ಅಂತರ, ಚೈನ್ ಎಳೆದು ಹಿಡಿದು ಅಳೆದ್ರೆ ಹೊಸದು 254 ಮಿಲಿಮೀಟರ್ ಇರಬೇಕು (ಒಂದು ಅಂತರ 12.7). 259 ದಾಟಿದ್ರೆ ಎಸೆಯೋ ಚೈನ್. ಇದು 262!

ಆಮೇಲೆ ಹಿಂದಿನ ಸ್ಪ್ರಾಕೆಟ್. ಹಲ್ಲುಗಳೆಲ್ಲ ಒಂದೇ ಕಡೆ ಬಾಗಿ ಕೊಕ್ಕೆ ಆಗಿದ್ವು. ಒಂದು ಹಲ್ಲಿನ ಮೇಲೆ ಸಣ್ಣ ಅರ ಇಟ್ಟು ಉಜ್ಜಿದ್ರೆ ಪುಡಿ ಉದುರಿ ಹೆಬ್ಬೆರಳಿಗೆ ಅಂಟ್ಕೊಳ್ತು. ಹಲ್ಲು ಸರಿಯಾಗಿ ಕಾಯಿಸಿ ಗಟ್ಟಿ ಮಾಡಿದ ಉಕ್ಕಾದ್ರೆ ಅರ ಕಚ್ಚೋದಿಲ್ಲ, ಗಾಜಿನ ಮೇಲೆ ಇಟ್ಟಂಗೆ ಜಾರುತ್ತೆ. ಇವರು ಕಾಯಿಸೋ ಖರ್ಚು ಉಳಿಸಿದ್ದಾರೆ. ಮೆತ್ತಗಿನ ಹಲ್ಲು ಬೇಗ ಸವೆಯುತ್ತೆ, ಸವೆದ ಹಲ್ಲು ಚೈನನ್ನೂ ತಿನ್ನುತ್ತೆ.

ವಾಪಸ್ ಹೋದಾಗ ಅವನು ಕೊಟ್ಟ ಉತ್ತರಗಳನ್ನ ಕೇಳಿ. ಮೊದಲು, "ನೀವು ಓಡ್ಸೋ ರೀತಿಗೆ ಯಾವ ಚೈನ್ ತಡೆಯುತ್ತೆ ಸಾರ್?" ಎರಡನೇದು, "ಇದು ನಮ್ಮ ಅಂಗಡಿ ಮಾಲೇ ಅಲ್ಲ, ಎಲ್ಲೋ ಬದಲಾಯಿಸ್ಕೊಂಡು ಬಂದಿದ್ದೀರ." ಸರಿ, ಪ್ಲೇಟ್ ಮೇಲೆ ಕಂಪನಿ ಹೆಸರು ಯಾಕಿಲ್ಲ ಅಂದ್ರೆ, "ಈಗ ಕಂಪನಿಯವರೇ ಹಾಕ್ತಿಲ್ಲ." ಹಿಂದೆ ಶೆಲ್ಫಲ್ಲೇ ಅದೇ ಕಂಪನಿ ಬಾಕ್ಸ್ ಇತ್ತು. ಅದನ್ನ ತೆಗೆದು ತೋರಿಸಿ ಅಂದ್ರೆ, "ತಗೊಳ್ಳೋದಾದ್ರೆ ಮಾತ್ರ ಓಪನ್ ಮಾಡ್ತೀನಿ." ಮಾತು ಜೋರಾದಾಗ ಪಕ್ಕದಲ್ಲಿದ್ದ ಗಿರಾಕಿ ಕಡೆ ತಿರುಗಿ, "ಏಳ್ನೂರರದ್ದು ತಗೊಂಡು ಹೋಗಿ ಈಗ ಬಂದು ಜಗಳ ಆಡ್ತಾರೆ ನೋಡಣ್ಣ" ಅಂದ. ಅಷ್ಟು ಜನರ ಮುಂದೆ! ಕೈಯಲ್ಲಿದ್ದಿದ್ದು ಆ ಬಿಳಿ ಚೀಟಿ ಒಂದೇ. "ಇದ್ರಲ್ಲಿ ನಮ್ಮ ಅಂಗಡಿ ಹೆಸರೆಲ್ಲಿದೆ?" ಅಂತ ಅದನ್ನೂ ಕೇಳಿದ.

ಕಡಿಮೆ ಬೆಲೆದು ತಗೊಳ್ಳಲೇಬೇಡಿ ಅಂತ ಅಲ್ಲ. ಕನ್ನಡಿ, ಹ್ಯಾಂಡಲ್ ಗ್ರಿಪ್, ಫುಟ್‌ರೆಸ್ಟ್ ರಬ್ಬರ್, ಸೀಟ್ ಕವರ್ ಲೋಕಲ್ ಆದ್ರೂ ನಡೆಯುತ್ತೆ. ಚೈನ್ ಸೆಟ್, ಬ್ರೇಕ್ ಶೂ, ಡಿಸ್ಕ್ ಪ್ಯಾಡ್, ಬೇರಿಂಗ್, ಕ್ಲಚ್ ಪ್ಲೇಟ್ ಮಾತ್ರ ಬೇಡ. ದೇವರಾಯನದುರ್ಗ ಇಳಿಯುವಾಗ ಲೋಕಲ್ ಪ್ಯಾಡ್ ಕಾದು ಹಿಡಿತ ಬಿಟ್ರೆ ಉಳಿಸಿದ ಇನ್ನೂರು ರೂಪಾಯಿ ಯಾರಿಗೆ ಬೇಕು?

ಬಾಕ್ಸ್ ನಿಮ್ಮ ಕೈಯಲ್ಲೇ ಓಪನ್ ಆಗಲಿ, ಅದೂ ಚಕ್ರ ಬಿಚ್ಚೋಕೆ ಮುಂಚೆ. ಬಿಚ್ಚಿದ ಮೇಲೆ ನೀವು ಅವನ ಕೈಲಿ ಸಿಕ್ಕಿಕೊಂಡಂಗೇ. ಚೈನ್ ಪ್ಲೇಟ್ ಮೇಲೆ ಕಂಪನಿ ಹೆಸರು, ನಂಬರ್ ಬಾಕ್ಸಿಗೆ ಹೊಂದುತ್ತಾ ನೋಡಿ, ಫೋಟೋ ತೆಗೀರಿ. ತಯಾರಕರ ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇಲ್ಲದ ಬಾಕ್ಸ್ ಮುಟ್ಟಬೇಡಿ. ಫಿಟ್ಟಿಂಗ್ ಆದ್ಮೇಲೆ ಚೈನಿನ ಎರಡು ತುದಿ ಸೇರಿಸೋ ಚೈನ್ ಲಾಕ್ ನೋಡಿ, ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗೇ ಇರಬೇಕು. ನನಗೆ ಹಾಕಿದ್ದು ಅದೂ ಉಲ್ಟಾ! ಖಾಲಿ ಬಾಕ್ಸ್ ಅಂಗಡೀಲಿ ಬಿಡಬೇಡಿ, ತರೋಕೆ ಬೇಜಾರಾದ್ರೆ ಅಲ್ಲೇ ಹರಿದು ಹಾಕಿ. ಬಿಲ್ಲಲ್ಲಿ ಕಂಪನಿ ಹೆಸರು, ಪಾರ್ಟ್ ನಂಬರ್ ಬರೆಸಿ.

ಬಿಲ್ ಇದ್ರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದವರೆಗಿದ್ರೆ ಫೀಸೂ ಇಲ್ಲ. ಬಿಳಿ ಚೀಟಿ ಇಟ್ಕೊಂಡು ಹೋದ್ರೆ ಅದು ಅವನ ಅಂಗಡೀದೇ ಅಂತ ತೋರಿಸೋದೇ ದೊಡ್ಡ ಕೆಲಸ.

ಕೊನೆಗೆ ಅವನು ಹೇಳಿದ್ದು, "ಆ ಹಳೇ ಸೆಟ್ ತಂದುಕೊಡಿ, ಹೋಗ್ಲಿ ಅಂತ ಮುನ್ನೂರು ಕೊಡ್ತೀನಿ." ಅವನ ಮಾಲೇ ಅಲ್ಲ ಅಂದ ಸೆಟ್ಟಿಗೆ ಮುನ್ನೂರು ಯಾಕೆ ಕೊಡ್ತಾನೆ? ನಾನು ಸೆಟ್ ಕೊಟ್ಟಿಲ್ಲ. ಆ ಸ್ಪ್ರಾಕೆಟ್, ಅರ ಉಜ್ಜಿದ ಗುರುತಿನ ಸಮೇತ, ನನ್ನ ಹತ್ರಾನೇ ಇದೆ.