‘ಅಪಾರ್ಟ್‌ಮೆಂಟ್ ಸೈಜ್’ ನಾಯಿಮರಿ ಮಾರುವವರ ಬಗ್ಗೆ ಎಚ್ಚರ

ಫ್ಲ್ಯಾಟಿನಲ್ಲಿ ಸಾಕಲು ನಾಯಿ ಹುಡುಕುತ್ತಿರುವವರು ಮುಂಗಡ ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಅಪಾರ್ಟ್‌ಮೆಂಟ್ ಸೈಜ್ ಬೀಗಲ್, ಎರಡು ತಿಂಗಳ ಮರಿ, ಬೊಗಳುವುದಿಲ್ಲ, ಒಂಟಿಯಾಗಿ ಇರುತ್ತದೆ, ಲಸಿಕೆ ಎಲ್ಲ ಆಗಿದೆ’ ಎಂಬ ಜಾಹೀರಾತು ನೋಡಿ ನಾನು ಒಂದು ಮರಿ ಕೊಂಡೆ. ಅದರಲ್ಲಿ ‘ಬೀಗಲ್’ ಎಂಬ ತಳಿಯ ಹೆಸರೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೆ ನಾಚಿಕೊಂಡು ಸುಮ್ಮನಿದ್ದರೆ ಮಾರಿದಾತ ಇನ್ನೊಬ್ಬರಿಗೆ ಇದೇ ಮಾತು ಹೇಳಿ ಇನ್ನೊಂದು ಮರಿಯನ್ನು ಮಾರುತ್ತಾನೆ.

ನನ್ನ ಅಗತ್ಯವೇನೆಂದು ಮೊದಲ ಮಾತಿನಲ್ಲೇ ಸ್ಪಷ್ಟವಾಗಿ ತಿಳಿಸಿದ್ದೆ. ಮೇಲಿನ ಮಹಡಿಯ ಮನೆ, ಅಂಗಳವಿಲ್ಲ, ಅಕ್ಕಪಕ್ಕದ ಗೋಡೆಗಳು ತೆಳು, ಹಗಲಿನಲ್ಲಿ ಕೆಲವು ಗಂಟೆ ಮನೆಯಲ್ಲಿ ಯಾರೂ ಇರುವುದಿಲ್ಲ, ಪಕ್ಕದ ಮನೆಯವರು ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವವರು, ಆದ್ದರಿಂದ ಗಲಾಟೆ ಮಾಡದ ತಳಿಯೇ ಬೇಕು ಎಂದು ಬಿಡಿಸಿ ಹೇಳಿದ್ದೆ. ಬೀಗಲ್ ಊಳಿಡುತ್ತದೆ ಎಂಬುದನ್ನು ಕೇಳಿಬಲ್ಲೆ ಎಂದೂ ಹೇಳಿದ್ದೆ. ಆತ ಒಂದು ಕ್ಷಣವೂ ತಡವರಿಸದೆ ಕೊಟ್ಟ ಉತ್ತರ ಹೀಗಿತ್ತು: “ಅದು ದೊಡ್ಡ ಬೀಗಲ್ ಮೇಡಂ. ಇದು ಮಿನಿ ಲೈನು, ಅಪಾರ್ಟ್‌ಮೆಂಟಿಗೆ ಅಂತಾನೇ ಮಾಡಿರೋದು. ಇದಕ್ಕೆ ಬೊಗಳೋದೇ ಗೊತ್ತಿಲ್ಲ.” ತಂದೆ ತಾಯಿ ನಾಯಿಗಳನ್ನು ನೋಡಬೇಕೆಂದಾಗ ಎರಡು ಫೋಟೊ ಕಳುಹಿಸಿದ. ತಾನು ಮರಿ ಸಾಕುವ ಜಾಗಕ್ಕೆ ಬರಬೇಡಿ, ಹೊರಗಿನವರು ಬಂದರೆ ಉಳಿದ ಮರಿಗಳಿಗೆ ಸೋಂಕು ತಗಲುತ್ತದೆ, ತಾನೇ ಅರ್ಧ ದಾರಿಗೆ ತಂದು ಕೊಡುತ್ತೇನೆ ಎಂದ. ಸೋಂಕಿನ ಮಾತು ಕೇಳಲು ಜವಾಬ್ದಾರಿಯ ಮಾತಿನಂತೆಯೇ ಇರುತ್ತದೆ, ಪಾರ್ವೊ ಎಂಬ ಮಾರಕ ರೋಗದ ವೈರಸ್ ಚಪ್ಪಲಿಗೆ ಅಂಟಿಕೊಂಡು ಬರುವುದೂ ನಿಜವೇ. ಇಂಥವರು ಬಳಸುವುದು ಇಂಥ ಅರ್ಧ ಸತ್ಯಗಳನ್ನೇ.

ಮರಿಯನ್ನು ಕೈಗೆ ಕೊಡುವಾಗ ಅದು ಟವೆಲಿನಲ್ಲಿ ಸುತ್ತಿಕೊಂಡು ನಿದ್ದೆಗಣ್ಣಿನಲ್ಲಿತ್ತು. ತೂಕವಿರಲಿಲ್ಲ, ಹೊಟ್ಟೆ ಮಾತ್ರ ಗುಂಡಗಿತ್ತು. “ನೋಡಿ ಮೇಡಂ, ಎಷ್ಟು ಸೈಲೆಂಟು” ಎಂದ. ಹೊಟ್ಟೆಯ ಬಗ್ಗೆ ಕೇಳಿದಾಗ “ಚೆನ್ನಾಗಿ ತಿನ್ನೋ ಮರಿ” ಎಂದ. ಉಳಿದ ಹಣ ಪಡೆದು, ಲಸಿಕೆ ಕಾರ್ಡನ್ನು ಮಡಚಿ ಕೈಗಿತ್ತು ಹೊರಟುಹೋದ.

ಪಶುವೈದ್ಯರ ಮೇಜಿನ ಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಅವರು ಮರಿಯ ತುಟಿಯನ್ನು ಹೆಬ್ಬೆರಳಿನಿಂದ ಮೇಲೆತ್ತಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ, “ಇದಕ್ಕೆ ಎಷ್ಟು ವಯಸ್ಸು ಅಂದರು?” ಎಂದು ಕೇಳಿದರು. ಎರಡು ತಿಂಗಳು ಎಂದೆ. ಅವರು ಏನೂ ಹೇಳದೆ ನನ್ನನ್ನು ಹತ್ತಿರ ಕರೆದು ತೋರಿಸಿದರು. ಮುಂದಿನ ಸೂಜಿಯಂಥ ಹಾಲುಹಲ್ಲುಗಳ ನಡುವೆ ಒಂದೆರಡು ಆಗಲೇ ಬಿದ್ದು, ಆ ಜಾಗದಲ್ಲಿ ಅಗಲವಾದ ಹೊಸ ಬಾಚಿಹಲ್ಲುಗಳು ಒಸಡನ್ನು ಸೀಳಿ ಮೇಲೆ ಬರುತ್ತಿದ್ದವು. ನಾಯಿಗಳಲ್ಲಿ ಈ ಹಲ್ಲುಗಳು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳ ನಡುವೆ ಹುಟ್ಟುತ್ತವೆ. ಎರಡು ತಿಂಗಳ ಮರಿಯ ಬಾಯಲ್ಲಿ ಅವು ಇರಲು ಸಾಧ್ಯವೇ ಇಲ್ಲ. ‘ಮಿನಿ’ ಎಂದರೆ ಇಷ್ಟೇ: ಮೂರು ತಿಂಗಳು ದಾಟಿದ ಮರಿಯನ್ನು ಅರೆಹೊಟ್ಟೆಯಲ್ಲಿಟ್ಟು, ಹೊಟ್ಟೆ ತುಂಬ ಜಂತುಹುಳು ಬಿಟ್ಟು, ಎರಡು ತಿಂಗಳ ಮರಿಯ ಅಳತೆಗೆ ನಿಲ್ಲಿಸಿದ್ದ. ಹಸಿವಿನಿಂದ ಕುಗ್ಗಿದ ಮರಿಯನ್ನು ‘ಸೈಲೆಂಟು’ ಎಂದು ಮಾರಿದ್ದ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ವೈದ್ಯರು ಲಸಿಕೆ ಕಾರ್ಡನ್ನು ಬಿಡಿಸಿದರು. ಮೂರು ಸಾಲು ಲಸಿಕೆ ಬರೆದಿತ್ತು, ಮೂರೂ ಒಂದೇ ಪೆನ್ನಿನ ಶಾಯಿ, ಒಂದೇ ಓರೆ ಅಕ್ಷರ. ಲಸಿಕೆ ಕೊಟ್ಟಾಗ ಸೀಸೆಯಿಂದ ಕಿತ್ತು ಅಂಟಿಸುವ ಚೀಟಿ ಎಲ್ಲಿಯೂ ಇರಲಿಲ್ಲ, ವೈದ್ಯರ ಮೊಹರೂ ಇರಲಿಲ್ಲ. ಮರಿಗಳಿಗೆ ಡಿಸ್ಟೆಂಪರ್ ಎಂಬ ಇನ್ನೊಂದು ಮಾರಕ ರೋಗಕ್ಕೂ ಪಾರ್ವೊಗೂ ಲಸಿಕೆ ಶುರುವಾಗುವುದೇ ಆರರಿಂದ ಎಂಟು ವಾರದಲ್ಲಿ, ಅಲ್ಲಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಹದಿನಾರು ವಾರ ಆಗುವವರೆಗೂ ಮುಂದುವರಿಸಬೇಕು. ಹಾಗಿರುವಾಗ ಎಂಟು ವಾರದ ಮರಿಗೆ ಮೂರು ಸರದಿ ಮುಗಿದದ್ದು ಹೇಗೆ? ಆ ಕಾರ್ಡೇ ಆತನ ಸುಳ್ಳನ್ನು ಹೇಳುತ್ತಿತ್ತು. ನಾವು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು.

ಆಸ್ಪತ್ರೆಯ ಹೊರಗೆ ನಿಂತೇ ಆತನಿಗೆ ಫೋನು ಮಾಡಿದೆ. “ಡಾಕ್ಟ್ರುಗಳು ಹಂಗೇ ಹೇಳೋದು ಮೇಡಂ, ಅವರಿಗೂ ಬಿಸಿನೆಸ್ ಆಗ್ಬೇಕಲ್ಲ” ಎಂದ. ಹಲ್ಲಿನ ಫೋಟೊ ಕಳುಹಿಸಿದೆ. “ಈ ಲೈನಿಗೆ ಹಲ್ಲು ಬೇಗ ಬರತ್ತೆ” ಎಂದು ಬರೆದ. ಹಲ್ಲು ಬೇಗ ಬರುತ್ತದೆಯಂತೆ!

ಜಂತುಹುಳುವಿಗೆ ಔಷಧಿ ಬಿದ್ದು, ಹೊಟ್ಟೆ ತುಂಬ ಊಟ ಸಿಕ್ಕಿ ಮರಿಗೆ ಜೀವ ಬಂತು. ಜೀವ ಬಂದದ್ದೇ ಬೀಗಲ್ ಬೀಗಲ್ ಆಯಿತು. ಇದರಲ್ಲಿ ಮರಿಯ ತಪ್ಪು ಎಳ್ಳಷ್ಟೂ ಇಲ್ಲ. ಮೊಲದ ವಾಸನೆ ಹಿಡಿದು ಗುಂಪಿನಲ್ಲಿ ಓಡುವುದಕ್ಕೆ, ಹಿಂದೆ ಕಾಲ್ನಡಿಗೆಯಲ್ಲಿ ಬರುವ ಬೇಟೆಗಾರರಿಗೆ ದೂರದಿಂದಲೇ ಕೇಳುವಂತೆ ಕೂಗುವುದಕ್ಕೆ ಎಂದೇ ತಲೆತಲಾಂತರದಿಂದ ಬೆಳೆಸಿದ ತಳಿ ಅದು. ಅದರ ಕೂಗು ಬೊಗಳುವಿಕೆಯಷ್ಟೇ ಅಲ್ಲ, ಕತ್ತೆತ್ತಿ ಎಳೆಯುವ ಉದ್ದನೆಯ ಊಳು. ಗುಂಪಿನಲ್ಲಿ ಬಾಳಲು ಹುಟ್ಟಿದ್ದರಿಂದ ಒಂಟಿತನವನ್ನು ಅದು ಬೇರೆ ಅನೇಕ ತಳಿಗಳಿಗಿಂತ ಕಷ್ಟದಿಂದ ಸಹಿಸುತ್ತದೆ. ಮನೆಯಲ್ಲಿ ಸದಾ ಒಬ್ಬರಿದ್ದು, ದಿನಕ್ಕೆರಡು ಬಾರಿ ಮೂಗು ಊರಿಕೊಂಡು ಮನಸಾರೆ ಅಲೆಯಲು ಬಿಡುವವರ ಬಳಿ ಇದೇ ನಾಯಿ ಚಿನ್ನದಂತೆ ಇರುತ್ತದೆ. ಆತ ಮಾರಿದ್ದು ಹಗಲು ಖಾಲಿಯಿರುವ ಮನೆಗೆ, ಅದೂ ಎಲ್ಲವನ್ನೂ ಕೇಳಿ ತಿಳಿದುಕೊಂಡ ಮೇಲೆ.

ಇದರ ಮೇಲೆ ಇನ್ನೊಂದು ಹಾನಿ. ಮರಿಗಳು ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕು ವಾರದವರೆಗೆ ಕಂಡದ್ದು, ಕೇಳಿದ್ದನ್ನು ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತವೆ, ಆ ಕಾಲ ಕಳೆದ ಮೇಲೆ ಹೊಸದೆಲ್ಲ ಭಯವಾಗುತ್ತದೆ. ಈ ಮರಿ ಆ ಕಾಲವನ್ನೆಲ್ಲ ಎಲ್ಲೋ ಒಂದು ಗೂಡಿನಲ್ಲಿ ಕಳೆದಿತ್ತು. ಲಿಫ್ಟಿನ ಬಾಗಿಲು ಸರಿಯುವ ಸದ್ದಿಗೆ ನೆಲಕ್ಕೆ ಅಂಟಿಕೊಂಡು ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಕಾರಿಡಾರಿನಲ್ಲಿ ಯಾರದೇ ಹೆಜ್ಜೆ ಕೇಳಿದರೂ, ಯಾರ ಮನೆಯ ಬೆಲ್ ಆದರೂ ಕೂಗು. ಲಿಫ್ಟು, ಕಾರಿಡಾರು, ಬೆಲ್ ಇಲ್ಲದ ಅಪಾರ್ಟ್‌ಮೆಂಟ್ ಎಲ್ಲಿದೆ?

ಅವಮಾನವಾದದ್ದು ಒಂದು ಮಧ್ಯಾಹ್ನ. ನಮ್ಮ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ಧ್ವನಿಮುದ್ರಣ ಹಾಕಿದ್ದರು. ಕಚೇರಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದೆ: ಮುಚ್ಚಿದ ಬಾಗಿಲಿನ ಹಿಂದೆ ನನ್ನ ನಾಯಿಯ ಊಳು, ನಡುನಡುವೆ ಉಗುರಿನಿಂದ ಬಾಗಿಲು ಕೆರೆಯುವ ಸದ್ದು. ಅದರ ಕೆಳಗೆ ಒಂದರ ಹಿಂದೊಂದು ದೂರು. ಪಕ್ಕದ ಮನೆಯವರು ಬರೆದದ್ದು ಇಷ್ಟೇ: “ದಯವಿಟ್ಟು ಏನಾದರೂ ಮಾಡಿ, ನಾನು ಮಲಗಿ ಬಹಳ ದಿನವಾಯಿತು.” ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅದೇ ಧ್ವನಿಮುದ್ರಣವನ್ನು ಆತನಿಗೆ ಕಳುಹಿಸಿದೆ. ಬಂದ ಉತ್ತರ: “ಇದು ನಮ್ಮ ಮರಿ ವಾಯ್ಸ್ ಅಲ್ಲ ಮೇಡಂ.” ನನ್ನ ಮನೆಯಲ್ಲಿರುವುದು ಅದೊಂದೇ ನಾಯಿ ಎಂದು ಬರೆದೆ. “ಬೇರೆಯವರ ಮನೇಲೆಲ್ಲ ಸುಮ್ಮನಿದೆ, ನಿಮ್ಮನೇಲಿ ಮಾತ್ರ ಯಾಕೆ ಹಿಂಗೆ? ನೀವು ಪ್ರೀತಿ ಕೊಡ್ತಿಲ್ಲ” ಎಂದ. ಹಣ ಹಿಂದಿರುಗಿಸಬೇಕೆಂದು ಕೇಳಿದ್ದಕ್ಕೆ, “ಗಾಡಿ ಓಡಿಸಿದ ಮೇಲೆ ಶೋರೂಮಿನವರು ವಾಪಸ್ ತಗೋತಾರಾ? ಮರಿ ಬೇಕಾದ್ರೆ ತಗೋತೀನಿ, ದುಡ್ಡು ಇಲ್ಲ” ಎಂದ. ಕೊನೆಗೆ ಬಂದ ಸಂದೇಶವನ್ನು ಅಕ್ಷರಶಃ ಇಲ್ಲಿ ಕೊಡುತ್ತಿದ್ದೇನೆ: “ಅಷ್ಟೊಂದು ತೊಂದ್ರೆ ಆದ್ರೆ ಗಂಟಲು ಆಪರೇಷನ್ ಮಾಡಿಸಿ, ಸೌಂಡೇ ಬರಲ್ಲ. ಅಪಾರ್ಟ್‌ಮೆಂಟ್‌ನೋರು ತುಂಬ ಜನ ಮಾಡಿಸ್ತಾರೆ.”

ಬೊಗಳುವುದೇ ಗೊತ್ತಿಲ್ಲ ಎಂದು ಮಾರಿದ ಮನುಷ್ಯ, ಬೊಗಳದಂತೆ ಗಂಟಲು ಕೊಯ್ಯಿಸಿ ಎನ್ನುತ್ತಿದ್ದಾನೆ. ಸಾಕುಪ್ರಾಣಿಗಳ ರಕ್ಷಣೆಗೆಂದು ಯುರೋಪಿನ ದೇಶಗಳು 1987ರಲ್ಲಿ ಮಾಡಿಕೊಂಡ ಒಡಂಬಡಿಕೆಯು, ಚಿಕಿತ್ಸೆಯ ಅಗತ್ಯವಿಲ್ಲದೆ ಹೀಗೆ ಧ್ವನಿ ಕತ್ತರಿಸುವುದನ್ನು ಬಾಲ ಮತ್ತು ಕಿವಿ ಕತ್ತರಿಸುವುದರ ಜೊತೆಗೇ ಸೇರಿಸಿ ಬೇಡವೆಂದಿದೆ. ಅದನ್ನು ಮಾಡಿಸಿದರೂ ನಾಯಿಯ ಭಯ ಹೋಗುವುದಿಲ್ಲ, ಅದು ಭಯಪಡುತ್ತಿರುವುದು ನಮಗೆ ಕೇಳಿಸುವುದು ಕಡಿಮೆಯಾಗುತ್ತದೆ ಅಷ್ಟೇ. ಆ ಸಂದೇಶದ ನಂತರ ನಾನು ಆತನೊಂದಿಗೆ ಮಾತು ನಿಲ್ಲಿಸಿದೆ. ತಂದೆ ತಾಯಿ ಎಂದು ಆತ ಕಳುಹಿಸಿದ್ದ ಫೋಟೊಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ, ಅದೇ ‘ತಾಯಿ’ ಬೇರೆ ಬೇರೆ ಹಳೆಯ ಜಾಹೀರಾತುಗಳಲ್ಲಿ ಬೇರೆ ಬೇರೆ ಮರಿಗಳ ತಾಯಿಯಾಗಿ ಕಾಣಿಸಿಕೊಂಡಿತು.

ನಾಯಿ ಹುಡುಕುತ್ತಿರುವವರಿಗೆ ಹೇಳುವುದಿಷ್ಟು. ‘ಅಪಾರ್ಟ್‌ಮೆಂಟ್ ಲೈನ್’, ‘ಮಿನಿ’, ‘ಟೀ ಕಪ್’, ‘ಪಾಕೆಟ್’ ಎಂಬ ಹೆಸರಿನ ಬೀಗಲ್ ತಳಿಗಳು ನಾಯಿ ತಳಿಗಳನ್ನು ನೋಂದಾಯಿಸುವ ಯಾವ ಪ್ರಮುಖ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲಿಯೂ ಇಲ್ಲ. ಬೀಗಲ್ ಎಂದರೆ ಬೆಳೆದಾಗ 33ರಿಂದ 40 ಸೆಂಟಿಮೀಟರ್ ಎತ್ತರ, ಸುಮಾರು ಹತ್ತು ಕಿಲೋ ತೂಕದ ನಾಯಿ. ಗಾತ್ರ ನೋಡಿ ಆರಿಸಲೇಬೇಡಿ. ಪುಟ್ಟ ಜ್ಯಾಕ್ ರಸೆಲ್ ಟೆರಿಯರ್ ನರಿಯನ್ನು ಬಿಲದಿಂದ ಎಬ್ಬಿಸಲು ಬೆಳೆಸಿದ ನಾಯಿ, ಅದನ್ನು ಕೋಣೆಯಲ್ಲಿ ಕೂಡಿಹಾಕಿದರೆ ಸೋಫಾ ಉಳಿಯುವುದಿಲ್ಲ. ಅಷ್ಟೆತ್ತರದ ಗ್ರೇಹೌಂಡ್ ಒಂದು ಸುತ್ತು ಓಡಿ ಬಂದರೆ ದಿನದ ಬಹುಪಾಲು ಮಲಗಿಯೇ ಇರುತ್ತದೆ. ಪಗ್ ಸದ್ದು ಮಾಡುವುದು ಕಡಿಮೆ ಎನ್ನುವವರು ಆ ಚಪ್ಪಟೆ ಮೂಗಿನ ಉಸಿರಾಟದ ತೊಂದರೆಯನ್ನು, ಬಿಸಿಲಿಗೆ ಅದು ಪಡುವ ಪಾಡನ್ನು ಹೇಳುವುದಿಲ್ಲ. ತಾಯಿಯ ಜೊತೆ ಮರಿಯಿರುವುದನ್ನು ಅದು ಹುಟ್ಟಿದ ಜಾಗದಲ್ಲೇ ಕಣ್ಣಾರೆ ನೋಡಿ, ಅರ್ಧ ದಾರಿಗೆ ತಂದು ಕೊಡುತ್ತೇನೆ ಎಂದರೆ ಅಲ್ಲಿಗೇ ಮಾತು ಮುಗಿಸಿ. ಹಣ ಕೊಡುವ ಮೊದಲೇ ನಿಮ್ಮ ವೈದ್ಯರಿಗೆ ಹಲ್ಲು ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ. ನನ್ನನ್ನು ಕೇಳಿದರೆ, ಫ್ಲ್ಯಾಟಿನಲ್ಲಿರುವವರು ಮರಿಯ ಬದಲು ಆಶ್ರಯಧಾಮದಲ್ಲಿರುವ ಬೆಳೆದ ನಾಯಿಯನ್ನು ತರುವುದೇ ಮೇಲು. ಅದರ ದನಿ ಎಷ್ಟು, ಓಟ ಎಷ್ಟು, ಒಂಟಿಯಾಗಿ ಇರುತ್ತದೆಯೋ ಇಲ್ಲವೋ ಎಂಬುದನ್ನು ಅಲ್ಲಿ ದಿನವೂ ನೋಡಿಕೊಳ್ಳುವವರು ಹೇಳಬಲ್ಲರು.

ನಾಯಿ ನನ್ನ ಬಳಿಯೇ ಇದೆ. ಹಗಲಿನಲ್ಲಿ ಅದರ ಜೊತೆಗಿರಲು ಒಬ್ಬರನ್ನು ಗೊತ್ತುಮಾಡಿದ್ದೇನೆ, ಲಿಫ್ಟಿನ ಭಯವನ್ನು ತರಬೇತುದಾರರ ನೆರವಿನಿಂದ ನಿಧಾನವಾಗಿ ಬಿಡಿಸುತ್ತಿದ್ದೇನೆ, ಪಕ್ಕದ ಮನೆಯವರು ಈಗ ಸ್ವಲ್ಪ ಮಲಗುತ್ತಿದ್ದಾರೆ. ನನ್ನಂತೆಯೇ ಇಂಥವರಿಂದ ಈಗಾಗಲೇ ಮರಿ ತಂದು ಕಷ್ಟಪಡುತ್ತಿರುವವರು ಲಸಿಕೆ ಕಾರ್ಡು, ಸಂದೇಶಗಳು, ಹಣ ಕಳುಹಿಸಿದ ದಾಖಲೆ ಇವನ್ನೆಲ್ಲ ಅಳಿಸದೆ ಇಟ್ಟುಕೊಂಡು, ವೈದ್ಯರಿಂದ ಮರಿಯ ವಯಸ್ಸು ಮತ್ತು ಆರೋಗ್ಯದ ಬಗ್ಗೆ ಬರಹದಲ್ಲಿ ಪಡೆದು ದೂರು ಕೊಡಿ. ಸಾಕಲು ಆಗುವುದೇ ಇಲ್ಲವಾದರೆ ಆಶ್ರಯಧಾಮಕ್ಕೋ, ಮನೆಯಲ್ಲಿ ಸದಾ ಜನರಿರುವ ಪರಿಚಿತರಿಗೋ ಕೊಡಿ. ಮಾರಿದವನಿಗೆ ಮಾತ್ರ ಮರಿಯನ್ನು ವಾಪಸು ಕೊಡಬೇಡಿ, ಆತ ಅದನ್ನು ಮತ್ತೆ ಅರೆಹೊಟ್ಟೆಯಲ್ಲಿಟ್ಟು, ಹೊಸ ಕಾರ್ಡು ಬರೆದು, ಇನ್ನೊಬ್ಬರಿಗೆ ಮಾರುತ್ತಾನೆ.