ಮೋಸಂಬಿ ಎಂದು ಕೊಂಡ ಕಸಿ ಸಸಿಯಲ್ಲಿ ಬಂದದ್ದು ಜಂಬೇರಿ ಎಂಬ ಹುಳಿ ನಿಂಬೆ: ಸಸಿ ಕೊಳ್ಳುವವರು ದಯವಿಟ್ಟು ಓದಿ

ನಾಲ್ಕು ವರ್ಷ ನೀರೆರೆದು ಬೆಳೆಸಿದ ಗಿಡ ನಾವು ದುಡ್ಡು ಕೊಟ್ಟು ಕೊಂಡ ಗಿಡವೇ ಅಲ್ಲ ಎಂದು ನಮಗೆ ತಿಳಿದದ್ದು ಈಗ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಕಳೆದ ಭಾನುವಾರವೂ ಅದೇ ನರ್ಸರಿಯ ಮುಂದೆ ಜನ ಆಟೋದಲ್ಲಿ ಕಸಿ ಸಸಿಗಳನ್ನು ಏರಿಸಿಕೊಂಡು ಹೋಗುತ್ತಿದ್ದುದನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಹಿತ್ತಲಿನ ಮೋಸಂಬಿ ಗಿಡವೂ ಹೋಯಿತು. ನವನಗರದ ಮನೆಯಲ್ಲೂ ಅಂಥದೊಂದು ಗಿಡವಿರಲಿ ಎಂಬುದು ಅತ್ತೆಯವರ ಬಹುದಿನದ ಆಸೆ. 2020ರ ಮಳೆಗಾಲದಲ್ಲಿ 250 ರೂಪಾಯಿ ಕೊಟ್ಟು, ‘ಮೋಸಂಬಿ ಕಸಿ’ ಎಂದು ಚೀಟಿ ಕಟ್ಟಿದ್ದ ಸಸಿಯೊಂದನ್ನು ತಂದು, ಚೀಲದ ಮಣ್ಣು ಎಷ್ಟಿತ್ತೋ ಅಷ್ಟೇ ಮಟ್ಟಕ್ಕೆ ನೆಟ್ಟೆವು. ಅದಕ್ಕಿಂತ ಒಂದು ಹಿಡಿ ಮಣ್ಣನ್ನೂ ಮೇಲೆ ಏರಿಸಲಿಲ್ಲ. ಈ ಮಾತನ್ನು ನೆನಪಿಡಿ.

ಗಿಡ ಸೊಕ್ಕಿ ಬೆಳೆಯಿತು, ಮೈತುಂಬ ಮುಳ್ಳು. ಎಳೆಯ ಗಿಡಕ್ಕೆ ಮುಳ್ಳು ಇದ್ದೇ ಇರುತ್ತದೆ ಎಂದು ನರ್ಸರಿಯವರು ಹೇಳಿದರು, ನಂಬಿದೆ. ಹೊಸ ಚಿಗುರು ಕೆಂಪಗೆ ಬರುತ್ತಿತ್ತು, ಮೊಗ್ಗಿನ ಹೊರಮೈ ನೇರಳೆ ಬಣ್ಣವಿತ್ತು. ಮೋಸಂಬಿಯ ಮೊಗ್ಗು ಅಪ್ಪಟ ಬಿಳಿ ಇರುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

2024ರ ದೀಪಾವಳಿಗೆ ಮೊದಲ ಫಸಲು ಬಂತು. ಹಣ್ಣು ಹಳದಿ, ಸಿಪ್ಪೆ ಉಬ್ಬುತಗ್ಗಾಗಿ ಒರಟು, ತೊಟ್ಟಿನ ಹತ್ತಿರ ಕುತ್ತಿಗೆಯಂತೆ ಚಾಚಿಕೊಂಡಿತ್ತು. ನೆಗೆಣ್ಣಿ ಹೇರಳೆಕಾಯಿ ಎಂದಳು, ಪಕ್ಕದ ಮನೆಯ ಅಜ್ಜಿ ಗಜನಿಂಬೆ ಎಂದರು. ಮೋಸಂಬಿಯೇ ಎಂದು ಹಟ ಹಿಡಿದವಳು ನಾನು. ಹಬ್ಬಕ್ಕೆ ಬೀಗರು ಬರುವವರಿದ್ದರೆಂದು ಬೆಳಿಗ್ಗೆಯೇ ಹನ್ನೆರಡು ಹಣ್ಣು ಒತ್ತಿ ಹಿಂಡಿ, ಹುಳಿ ಎನಿಸಿದ್ದಕ್ಕೆ ಸಕ್ಕರೆ ಸುರಿದು, ಫ್ರಿಜ್ಜಿನಲ್ಲಿಟ್ಟು ಸಂಜೆ ಕೊಟ್ಟೆ. ಬೀಗಿತ್ತಿ ಒಂದು ಗುಟುಕು ಕುಡಿದು, ಏನೂ ಅನ್ನದೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಆ ಲೋಟ ಇನ್ನೂ ನನ್ನ ಕಣ್ಣ ಮುಂದಿದೆ. ಬೆಳಿಗ್ಗೆ ಬರೀ ಹುಳಿಯಿದ್ದ ರಸ ಸಂಜೆಗೆ ಬೇವಿನಷ್ಟು ಕಹಿಯಾಗಿತ್ತು. ಬೀಜ ಮತ್ತು ಒಳಗಿನ ಬಿಳಿ ತೊಗಟೆ ನುಜ್ಜುಗುಜ್ಜಾದರೆ ಅವುಗಳ ಅಂಶ ಹುಳಿರಸದಲ್ಲಿ ಕೆಲವು ತಾಸುಗಳಲ್ಲಿ ಲಿಮೋನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆಯಂತೆ, ಇದು ನಂತರ ತಿಳಿದ ವಿಷಯ. ಉಳಿದ ಹಣ್ಣನ್ನು ಸಿಪ್ಪೆ, ಬೀಜ ಸಮೇತ ಹೆಚ್ಚಿ ಬೆಲ್ಲದಲ್ಲಿ ಕುದಿಸಿ ಉಪ್ಪಿನಕಾಯಿ ಮಾಡಿದೆ. ಒಂದು ಕಿಲೋ ಬೆಲ್ಲವೂ ಹಾಳಾಯಿತು.

ಕೊನೆಗೆ ಒಂದು ಟೊಂಗೆ ಮತ್ತು ಎರಡು ಹಣ್ಣು ಹಿಡಿದು ನಮ್ಮ ಊರಿನ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಪ್ರಾಧ್ಯಾಪಕರೊಬ್ಬರು ಬೀಜವನ್ನು ಉಗುರಿನಿಂದ ಸೀಳಿ ತೋರಿಸಿದರು, ಬೇಳೆ ತಿಳಿ ಹಸಿರಾಗಿತ್ತು. ಮೋಸಂಬಿಯ ಬೀಜವಾಗಿದ್ದರೆ ಅದು ಬಿಳಿ ಇರಬೇಕಿತ್ತು. ಇದು ಜಂಬೇರಿ, ಮೋಸಂಬಿಯ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಕೂರಿಸಿ ಕಸಿ ಮಾಡಲು ಕೆಳಗೆ ಬೇರಿಗಾಗಿ ಬೆಳೆಸುವ ಗಿಡ, ಬುಡ ಕೆದಕಿ ನೋಡಿ ಎಂದರು. ಮನೆಗೆ ಬಂದು ಕೆದಕಿದೆ. ನಾಲ್ಕು ಬೆರಳು ಆಳದಲ್ಲಿ ಹೆಬ್ಬೆರಳು ಗಾತ್ರದ ಒಣಗಿದ ಮೋಟು ಸಿಕ್ಕಿತು, ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಅದಕ್ಕೆ ಇನ್ನೂ ಸುತ್ತಿಕೊಂಡಿತ್ತು. ಅದರ ಕೆಳಗಿನಿಂದ ಎದ್ದ ಚಿಗುರೇ ನಮ್ಮ ಗಿಡ. ಅಂದರೆ ಕಸಿ ಸತ್ತದ್ದು ನರ್ಸರಿಯಲ್ಲಿ. ನೆಲದಿಂದ ಒಂದು ಗೇಣು ಮೇಲಿರಬೇಕಾದ ಬೆಸುಗೆ, ಅಂದರೆ ಎರಡು ಗಿಡ ಕೂಡಿಸಿದ ಜಾಗ, ಕಾಣದಂತೆ ಚೀಲಕ್ಕೆ ಮಣ್ಣು ತುಂಬಿ ಮಾರಿದ್ದಾರೆ!

ಅವರ ಉತ್ತರಗಳನ್ನು ಕೇಳಿ. ಮೊದಲ ಫೋನಿಗೆ, “ಅಕ್ಕಾರ, ಮೊದಲ ಹಣ್ಣು ಹಿಂಗ ಇರ್ತಾವ್ರಿ, ಮುಂದಿನ ವರ್ಷ ಸಿಹಿ ಆಗ್ತಾವು.” ಎರಡನೆಯ ಸಲ, “ನಿಮ್ಮ ಬೋರಿನ ನೀರು ಸವಳ ಇರಬೇಕ್ರಿ, ಅದಕ್ಕ ಹುಳಿ ಬಂದೈತಿ.” ನೀರಿನಿಂದ ಮೋಸಂಬಿ ಜಂಬೇರಿಯಾಗುತ್ತದೆಯೇ? ಮೋಟಿನ ಫೋಟೋ ಹಿಡಿದು ಎದುರಿಗೇ ಹೋಗಿ ನಿಂತಾಗ, “ನೀವ ಮಣ್ಣು ಏರಿಸಿರಬೇಕು” ಎಂದರು. ಇಲ್ಲ ಎಂದದ್ದಕ್ಕೆ, “ಬಿಲ್ ಐತೇನ್ರಿ? ನಾಕ್ ವರ್ಷ ಆದ ಮ್ಯಾಲ ಬಂದ್ರ ಯಾರ್ ಕೇಳ್ತಾರ್ರಿ? ಜಂಬೇರಿನೂ ಲಿಂಬಿ ಜಾತೀದ ಐತಿ, ಉಪ್ಪಿನಕಾಯಿ ಹಾಕ್ರಿ” ಎಂದರು. ನಾಲ್ಕು ವರ್ಷ ಹಣ್ಣನ್ನೇ ಬಿಡದ ಗಿಡದಲ್ಲಿ ಆದ ಮೋಸ ಅದಕ್ಕಿಂತ ಮೊದಲು ನನಗೆ ಹೇಗೆ ತಿಳಿಯಬೇಕಿತ್ತು? ಬಿಲ್ಲು ಕೇಳಿ ಪಡೆಯದದ್ದು ನನ್ನ ತಪ್ಪು, ಒಪ್ಪುತ್ತೇನೆ. ಮೋಸ ಮಾತ್ರ ಅವರದೇ.

ಸಸಿ ಕೊಳ್ಳುವಾಗ ಚೀಲದ ಮಣ್ಣು ಸರಿಸಿ ಕಸಿಯ ಬೆಸುಗೆಯನ್ನು ಕಣ್ಣಾರೆ ನೋಡಿ. ಎಲೆಯಿರುವ ಚಿಗುರು ಅದರ ಮೇಲಿನಿಂದಲೇ ಬಂದಿರಬೇಕು, ಕೆಳಗಿನಿಂದ ಬಂದದ್ದನ್ನು ಚಿವುಟಿ ತೆಗೆಯಬೇಕು. ಮಣ್ಣು ಮುಟ್ಟಬೇಡಿ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿ ಇಂಥ ಹಣ್ಣು ಬಿಟ್ಟಿದ್ದರೆ ಬೀಜ ಜಜ್ಜದೆ ಮೆಲ್ಲಗೆ ಹಿಂಡಿ, ಆ ಹೊತ್ತಿನ ಚಿತ್ರಾನ್ನಕ್ಕೋ ಸಾರಿಗೋ ಬಳಸಿಬಿಡಿ, ರಸವನ್ನು ಎತ್ತಿಡಬೇಡಿ.

ಗಿಡ ಕಡಿಯಲು ಅತ್ತೆಯವರು ಬಿಡಲಿಲ್ಲ. ಬೇರು ಗಟ್ಟಿಯಿದೆ, ಇದೇ ಗಿಡಕ್ಕೆ ಮತ್ತೆ ಮೋಸಂಬಿಯ ಕಣ್ಣು ಕೂರಿಸಬಹುದು ಎಂದು ಪ್ರಾಧ್ಯಾಪಕರು ಹೇಳಿದ್ದಾರೆ. ಬರುವ ಕಸಿಗಾರನಿಗೆ ಒಂದೇ ಮಾತು ಹೇಳಿದ್ದೇನೆ: ಹಣ್ಣು ಬಿಟ್ಟಿರುವ ಮೋಸಂಬಿ ಮರದ ಹಣ್ಣನ್ನು ನಾನು ತಿಂದು ನೋಡಿದ ಮೇಲೆ, ಆ ಮರದ ಕಡ್ಡಿಯನ್ನು ನನ್ನ ಎದುರಿಗೇ ಕತ್ತರಿಸಬೇಕು.